ಜೋಳಿಯ ಕ್ಲಾಸು: ಏಳನೇ ವಾರದವರೆಗೆ

ಜೋಳಿ ಮುಧೋಳ ತಳಿಯ ಹೆಣ್ಣು ನಾಯಿಮರಿ. ಮೈಬಣ್ಣ ಬಿಳಿಜೋಳದ ಹಾಗಿದೆ, ಅದಕ್ಕೇ ಈ ಹೆಸರು. ಎರಡು ತಿಂಗಳಿದ್ದಾಗ ಧಾರವಾಡಕ್ಕೆ ತಂದೆವು. ತರುವ ಮೊದಲು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಇರುವ ಕೇಂದ್ರಕ್ಕೆ ಹೋಗಿ, ದೊಡ್ಡ ನಾಯಿಗಳನ್ನೂ ನೋಡಿ ಬಂದಿದ್ದೆವು. ಪಾರ್ವೋ, ಡಿಸ್ಟೆಂಪರ್ ರೋಗಗಳ ಲಸಿಕೆಗಳೆಲ್ಲ ಮುಗಿದು, ರೇಬೀಸ್ ಚುಚ್ಚುಮದ್ದೂ ಆದ ಮೇಲೆ ನಾಯಿಮರಿಗಳ ತರಬೇತಿ ಕ್ಲಾಸಿಗೆ ಸೇರಿಸಿದೆವು. ಆಗ ಅವಳಿಗೆ ನಾಲ್ಕು ತಿಂಗಳು. ಅಲ್ಲಿಯವರೆಗೆ ನೆಲಕ್ಕೆ ಬಿಡದೆ, ಎತ್ತಿಕೊಂಡೇ ಸಂತೆ, ಬಸ್‌ಸ್ಟ್ಯಾಂಡ್ ಎಲ್ಲ ತೋರಿಸಿದ್ದೆ. ಆ ವಯಸ್ಸಿನಲ್ಲಿ ನೋಡಿದ್ದಕ್ಕೆ ಮುಂದೆ ಹೆದರುವುದು ಕಡಿಮೆ. ಈಗ ಬುಲೆಟ್ ಬೈಕ್ ಪಕ್ಕದಲ್ಲೇ ಹೋದರೂ ಅವಳು ಬೆಚ್ಚುವುದಿಲ್ಲ.

ಮೊದಲ ವಾರ

ಭಾನುವಾರ ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿ ಕ್ಲಾಸು. ಆರು ಮರಿಗಳು. ಕಲಿಸುವವರು ಸೈನ್ಯದಲ್ಲಿ ನಾಯಿಗಳ ಜೊತೆ ಕೆಲಸ ಮಾಡಿ ನಿವೃತ್ತರಾದವರು, ಎಲ್ಲರಿಗೂ ಅವರು ‘ಸರ್’. ಲ್ಯಾಬ್ರಡಾರ್ ತಂದಿದ್ದವರೊಬ್ಬರು ‘ಮುಧೋಳಕ್ಕೆ ಇದೆಲ್ಲ ಹತ್ತಂಗಿಲ್ಲ ಬಿಡ್ರಿ’ ಅಂದರು. ನನಗೆ ಬೇಜಾರಾಯಿತು. 2016ರಲ್ಲಿ ಸೈನ್ಯದವರೇ ಮುಧೋಳ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಿದ್ದನ್ನು ಸರ್ ನೆನಪಿಸಿದ ಮೇಲೆ ಸಮಾಧಾನ ಆಯಿತು.

ಆವತ್ತು ಕಲಿತದ್ದು ಒಂದೇ. ಹೆಸರು ಕರೆದಾಗ ಜೋಳಿ ನನ್ನ ಮುಖ ನೋಡಿದರೆ ತಕ್ಷಣ ‘ಶಭಾಷ್’ ಅಂದು ಬೇಯಿಸಿದ ಕೋಳಿ ತುಂಡು ಕೊಡಬೇಕು. ತುಂಡು ಕಡಲೆಕಾಳಿನಷ್ಟು ಸಾಕು. ಒಂದೆರಡು ಸೆಕೆಂಡ್ ತಡವಾದರೂ ಅಷ್ಟರಲ್ಲಿ ಅವಳು ಇನ್ನೇನೋ ಮಾಡಿರುತ್ತಾಳೆ. ಬಹುಮಾನ ಅದಕ್ಕೇ ಸಿಕ್ಕಿತು ಅಂದುಕೊಳ್ಳುತ್ತಾಳೆ.

ಎರಡನೇ ವಾರ

ಕೂರುವುದು. ಉಳಿದ ಐದು ಮರಿಗಳೂ ಕೂತವು. ಜೋಳಿ ಅರ್ಧ ಬಗ್ಗಿ, ಹಿಂಗಾಲು ನಡುಗಿಸಿ, ಮತ್ತೆ ಎದ್ದು ನಿಲ್ಲುತ್ತಿದ್ದಳು. ನಾನು ಸೊಂಟ ಒತ್ತಲು ಹೋದೆ. ಸರ್ ತಡೆದರು. ‘ಅಕ್ಕಾರ, ಇದರ ಮೈಯಾಗ ಕೊಬ್ಬು ಇಲ್ಲರಿ. ಬರೀ ನೆಲದ ಮ್ಯಾಲ ಕುಂದ್ರಾಕ ತ್ರಾಸ ಆಕ್ಕೈತಿ. ಒಂದು ಗೋಣಿಚೀಲ ಹಾಕ್ರಿ.’

ಮನೆಗೆ ಬಂದು ಗೋಣಿಚೀಲ ಮಡಚಿ ಹಾಸಿದೆ. ಕೋಳಿ ತುಂಡನ್ನು ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ದೆ. ಮೂಗು ಮೇಲೆ ಹೋಯಿತು, ಹಿಂಭಾಗ ತಾನಾಗೇ ಕೆಳಗಿಳಿಯಿತು. ಮೂರನೇ ಸಲಕ್ಕೇ ಕೂತಳು! ಆ ಸಂಜೆಯ ಖುಷಿ ಹೇಳತೀರದು.

ಇನ್ನೊಂದು ಗೊಂದಲವೂ ಆವತ್ತೇ ಬಗೆಹರಿಯಿತು. ನಮ್ಮ ಮನೆಯವರು ‘ಸಿಟ್’ ಅನ್ನುತ್ತಿದ್ದರು, ಅತ್ತೆ ‘ಕುಂದ್ರು’, ನಾನು ‘ಕೂತ್ಕೋ’. ಮರಿಗೆ ಅವು ಮೂರು ಬೇರೆ ಬೇರೆ ಶಬ್ದ, ಅಲ್ವಾ? ಈಗ ಎಲ್ಲರದೂ ‘ಕುಂದ್ರು’ ಒಂದೇ. ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇವೆ.

ಮೂರು, ನಾಲ್ಕನೇ ವಾರ

ಹಾಲುಹಲ್ಲು ಉದುರುವ ಕಾಲ. ಇಪ್ಪತ್ತೆಂಟು ಹೋಗಿ ನಲವತ್ತೆರಡು ಬರಬೇಕು. ಒಸಡು ಕೆಂಪಾಗಿತ್ತು, ಸಿಕ್ಕಿದ್ದೆಲ್ಲ ಕಚ್ಚುತ್ತಿದ್ದಳು. ಒದ್ದೆ ಬಟ್ಟೆ ಹುರಿ ಮಾಡಿ ಫ್ರೀಜರ್‌ನಲ್ಲಿಟ್ಟು ಕೊಟ್ಟೆ. ಪಾಠ ಐದೈದು ನಿಮಿಷಕ್ಕೆ ಇಳಿಸಿದೆವು.

ಕೊರಳಪಟ್ಟಿ ಬದಲಾಯಿಸಿದ್ದೂ ಆಗಲೇ. ಈ ತಳಿಯ ತಲೆ ಸಪೂರ. ಸಾಮಾನ್ಯ ಪಟ್ಟಿ ಹಾಕಿದರೆ ಹಿಂದಕ್ಕೆ ಜಗ್ಗಿ ಸಲೀಸಾಗಿ ತಲೆ ಬಿಡಿಸಿಕೊಂಡುಬಿಡುತ್ತಾಳೆ. ಒಮ್ಮೆ ರಸ್ತೆ ಪಕ್ಕ ಹಾಗೇ ಆಗಿ ನನ್ನ ಎದೆ ಧಸಕ್ಕೆಂದಿತ್ತು. ಈಗ ಜಗ್ಗಿದರೆ ತುಸು ಬಿಗಿಯಾಗಿ ನಿಲ್ಲುವ ಅಗಲದ ಮಾರ್ಟಿಂಗೇಲ್ ಪಟ್ಟಿ ಹಾಕಿದ್ದೇವೆ.

ಐದನೇ ವಾರ

ಕಷ್ಟದ ಪಾಠ, ಕರೆದರೆ ಬರುವುದು. ಇದು ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನೋ ಓಡಿದರೆ ಸಾಕು, ಕಿವಿ ಕೇಳುವುದೇ ನಿಂತಂತೆ. ನಾನು ‘ಜೋಳಿ, ಬಾ’ ಅಂತ ಎಷ್ಟು ಕೂಗಿದರೂ ತಿರುಗಲಿಲ್ಲ.

ಸರ್ ಒಂದು ಪ್ರಶ್ನೆ ಕೇಳಿದರು. ‘ಮನ್ಯಾಗ ದಿನಕ್ಕ ಎಷ್ಟು ಸಲ ಬಾ ಅಂತೀರಿ?’ ಯೋಚಿಸಿದೆ. ಊಟಕ್ಕೆ ಬಾ, ಒಳಗೆ ಬಾ, ಬೇಗ ಬಾ. ಮಗನಿಗೆ, ಪಕ್ಕದ ಮನೆಯವರಿಗೆ, ಫೋನಿನಲ್ಲಿ. ನೂರು ಸಲ ಕೇಳಿ ಆ ಮಾತು ಅವಳಿಗೆ ಫ್ಯಾನಿನ ಸದ್ದಿನಂತಾಗಿದೆ. ಸಾಲದ್ದಕ್ಕೆ ಸ್ನಾನಕ್ಕೆ ಹಿಡಿಯುವಾಗಲೂ ‘ಬಾ’ ಅಂತಲೇ ಕರೆದಿದ್ದೆ. ತಪ್ಪು ಅವಳದ್ದಲ್ಲ.

ಹೊಸ ಶಬ್ದ ಬೇಕಿತ್ತು. ಅತ್ತೆ ಹೇಳಿದರು, ‘ನಮ್ಮೂರಾಗ ನಾಯಿನ್ನ ಬಾ ಅಂತ ಯಾರು ಕರೀತಿದ್ರವಾ? ಕುರು ಕುರು ಅಂದ್ರ ಓಡಿ ಬರ್ತಿದ್ವು.’ ಅದನ್ನೇ ಇಟ್ಟುಕೊಂಡೆವು. ಆ ಮಾತು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಸ್ನಾನಕ್ಕೋ ಔಷಧಿಗೋ ಆದರೆ ನಾವೇ ಎದ್ದು ಅವಳ ಹತ್ತಿರ ಹೋಗಬೇಕು. ಕುರು ಕುರು ಅಂದಾಗ ಬಂದರೆ ಕೋಳಿ ತುಂಡು, ಬೆನ್ನು ಸವರುವುದು, ಮತ್ತೆ ಆಟಕ್ಕೆ ಬಿಡುವುದು. ತಡವಾಗಿ ಬಂದರೂ ಬೈಯುವುದಿಲ್ಲ.

ಆರು, ಏಳನೇ ವಾರ

ಹತ್ತು ಸಲ ಕರೆದರೆ ಎಷ್ಟು ಸಲ ಬರುತ್ತಾಳೆ ಅಂತ ದಿನಾ ಲೆಕ್ಕ ಬರೆದಿಡುತ್ತಿದ್ದೇನೆ. ಮನೆಯೊಳಗೆ 10ಕ್ಕೆ 10. ತಾರಸಿಯಲ್ಲಿ 9. ಕೆಲಗೇರಿ ಕೆರೆ ದಂಡೆಯಲ್ಲಿ, ಐದು ಮೀಟರ್ ಹಗ್ಗ ಕಟ್ಟಿ, ಶುರುವಿನಲ್ಲಿ 3 ಇದ್ದದ್ದು ಈಗ 6. ಹತ್ತಿರದಲ್ಲಿ ಆಡು ಇದ್ದರೆ ಇನ್ನೂ ಸೊನ್ನೆಯೇ. ಆಗ ನಾನು ಕರೆಯುವುದೇ ಇಲ್ಲ. ಬರುವುದಿಲ್ಲ ಅಂತ ಗೊತ್ತಿದ್ದೂ ಕರೆದರೆ ಈ ಮಾತೂ ಸವೆದುಹೋಗುತ್ತದೆ. ಸುಮ್ನೆ ಅವಳ ಜೊತೆ ನಡೆದು ಇನ್ನಷ್ಟು ದೂರ ಹೋಗುತ್ತೇನೆ.

ನಿನ್ನೆ ಸಂಜೆ ಒಂದು ಬೆಳ್ಳಕ್ಕಿ ನೀರಿನಂಚಿನಿಂದ ಎದ್ದಿತು. ಜೋಳಿ ಕತ್ತು ಚಾಚಿದಳು, ಮುಂಗಾಲು ಎತ್ತಿದಳು. ‘ಕುರು ಕುರು’ ಅಂದೆ, ಮೆಲ್ಲಗೆ. ಒಂದು ಕಿವಿ ನನ್ನ ಕಡೆ ತಿರುಗಿತು. ಕಣ್ಣು ಇನ್ನೂ ಹಕ್ಕಿಯ ಮೇಲೇ. ನಾನು ಮತ್ತೆ ಕರೆಯಲಿಲ್ಲ, ಎರಡು ಹೆಜ್ಜೆ ಹಿಂದಕ್ಕೆ ಓಡಿದೆ. ತಿರುಗಿ ಬಂದಳು! ಜೇಬಿನಲ್ಲಿದ್ದ ಕೋಳಿ ತುಂಡೆಲ್ಲ ಒಂದೊಂದಾಗಿ ಕೊಟ್ಟುಬಿಟ್ಟೆ.

ಮುಂದಿನ ವಾರ ಹತ್ತು ಮೀಟರ್ ಹಗ್ಗ. ದೀಪಾವಳಿಯೂ ಹತ್ತಿರ ಬರುತ್ತಿದೆ. ಇವತ್ತಿನಿಂದ ಊಟದ ಹೊತ್ತಿಗೆ ಪಟಾಕಿ ಸದ್ದಿನ ರೆಕಾರ್ಡಿಂಗ್ ತೀರಾ ಸಣ್ಣದಾಗಿ ಹಾಕಲು ಶುರು ಮಾಡಿದ್ದೇನೆ.