ಒಂಬತ್ತೂವರೆಯ ಒಂದು ಠಣ್, ಹತ್ತರ ಹತ್ತು ಠಣ್

ಕೊನೆಗೂ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಕ್ಯಾಸೆಟ್ಟು ಸರಿಯಾದ ವೇಗಕ್ಕೆ ಬಂತು. ಏಳು ವಾರ ಹಿಡಿಯಿತು.

ಕ್ಯಾಸೆಟ್ ಡೆಕ್ಕಿನ ಹೆಡ್ ಒರೆಸಿದ್ದು, ಟೇಪು ಎಳೆಯುವ ಪಿಂಚ್ ರೋಲರ್ ಬದಲಿಸಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡ್ತೀನಿ. ಮೋಟರಿನಿಂದ ಟೇಪು ಓಡಿಸುವ ಬೆಲ್ಟಿನ ವಿಷಯ ಮಾತ್ರ ಹೇಳಲೇಬೇಕು. ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ಮೂರು ಸಲ ತರಿಸಿದೆ. ಮೊದಲನೆಯದು ಸಡಿಲ, ಎರಡನೆಯದು ಬಿಗಿ. ಮೂರನೆಯದಕ್ಕೆ ಅಂಟಿಸಿದ ಜಾಗದಲ್ಲಿ ಉಬ್ಬು. ಆ ಉಬ್ಬು ಪುಲ್ಲಿ ಮೇಲೆ ಹಾದಾಗಲೆಲ್ಲ ದನಿ ನಡುಗುತ್ತಿತ್ತು. ಅಳತೆ ಎಷ್ಟು ಅಂತ ಕೇಳಿದರೆ 'ಎಲ್ಲದಕ್ಕೂ ಬರುತ್ತೆ ಸರ್' ಅನ್ನುತ್ತಾರೆ. ಈ ಉತ್ತರಕ್ಕೆ ನನಗೆ ಇನ್ನೂ ಸಿಟ್ಟಿದೆ. ಕೊನೆಗೆ ಹಳೇ ರೇಡಿಯೊ ರಿಪೇರಿ ಮಾಡುವ ಕಾಕಾ ಒಬ್ಬರು ತಮ್ಮ ಬಿಸ್ಕಿಟ್ ಡಬ್ಬಿಯಿಂದ ಒಂದು ತೆಗೆದುಕೊಟ್ಟರು. ಹಾಕಿದ ಕೂಡಲೇ ಕೂತಿತು. 3000 ಹರ್ಟ್ಸಿನ ಟೆಸ್ಟ್ ಟೇಪು ಹಾಕಿದರೆ 3004 ತೋರಿಸಿತು. ಅಂದರೆ ಡೆಕ್ಕಿನಲ್ಲಿ ತಪ್ಪಿಲ್ಲ.

ಆದರೂ ಕುಮಾರರ ದನಿ ಎಳೆಯದಾಗಿ, ಅವಸರದಲ್ಲಿ ಕೇಳುತ್ತಿತ್ತು.

ಇದು ಅಪ್ಪ 1980ರ ದಶಕದಲ್ಲಿ ಮಾಡಿದ ರೆಕಾರ್ಡಿಂಗ್. ಆಕಾಶವಾಣಿಯ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1952ರಿಂದ ಬರುತ್ತಿದ್ದದ್ದು. ಆಗ ಮನೆಯಲ್ಲಿ ರೇಡಿಯೊ, ಟೇಪು ಎರಡೂ ಒಂದರಲ್ಲೇ ಇರುವ ಟೂ ಇನ್ ಒನ್ ಇರಲಿಲ್ಲ. ಮಾಡದಲ್ಲಿ ರೇಡಿಯೊ, ಅದರ ಮುಂದೆ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್. ಹಾಗಾಗಿ ಹಾಡಿನ ಜೊತೆ ಇಡೀ ಪಡಸಾಲೆಯೇ ಕ್ಯಾಸೆಟ್ಟಿನಲ್ಲಿದೆ. ಹಾಡಿನ ನಡುವೆ ಅವ್ವ, "ಏನ್ರೀ, ಹಾಲು ಆರಾಕತ್ತಾವು" ಅನ್ನುತ್ತಾಳೆ. ಅಪ್ಪ, "ಸಮ್ ಬರ್ಲಿ, ತಡಿ" ಅನ್ನುತ್ತಾರೆ. ಸಮ್ ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟು. ಅಪ್ಪನ ದನಿ ನಮ್ಮ ಹತ್ತಿರ ಉಳಿದಿರುವುದು ಅಷ್ಟೇ, ಮೂರು ಮಾತು.

ವೇಗ ಸ್ವಲ್ಪ ಹೆಚ್ಚುಕಡಿಮೆ ಆದರೆ ಏನಂತೆ ಅಂತ ಕೆಲವರು ಕೇಳಿದರು. ಬೇರೆ ಗಾಯಕರಾದರೆ ಒಂದು ವೇಳೆ ಬಿಡುತ್ತಿದ್ದೆನೇನೋ. ಕುಮಾರರ ವಿಷಯದಲ್ಲಿ ಆಗಲ್ಲ. ನಮ್ಮೂರು ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು, ಮೊದಲಿನ ಹೆಸರು ಶಿವಪುತ್ರ. ಚಿಕ್ಕ ವಯಸ್ಸಿನಲ್ಲೇ ಹೆಸರು ಮಾಡಿದರು. ಆಮೇಲೆ ಕ್ಷಯ ಬಂತು. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದರು. ಎದ್ದು ಮತ್ತೆ ಹಾಡಿದಾಗ ಒಂದೇ ಶ್ವಾಸಕೋಶದ ಬಲ. ಒಂದು ಸಣ್ಣ ತುಣುಕು ಹಾಡುತ್ತಾರೆ, ತಟ್ಟನೆ ನಿಲ್ಲುತ್ತಾರೆ, ತಂಬೂರಿ ಮಾತ್ರ ಉಳಿಯುತ್ತದೆ, ಮತ್ತೆ ಏಳುತ್ತಾರೆ. ನನಗೆ ಅವರ ಹಾಡು ಇರುವುದೇ ಆ ನಿಲ್ಲುವ ಜಾಗದಲ್ಲಿ. ಟೇಪು ಬೇಗ ಓಡಿದರೆ ಮೊದಲು ಹಾಳಾಗುವುದು ಅದೇ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ರೆಕಾರ್ಡಿಂಗಿನೊಳಗೆ ನುಸುಳಿರುವ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ಹುಡುಕಿದೆ. ಅದು 52ರಲ್ಲಿ ಸಿಕ್ಕರೆ ಟೇಪು ನೂರಕ್ಕೆ ನಾಲ್ಕರಷ್ಟು ಬೇಗ ಓಡ್ತಿದೆ ಅಂತ ಲೆಕ್ಕ. ಆ ಕಾಲದಲ್ಲಿ ಕರೆಂಟೇ 50ಕ್ಕೆ ನಿಲ್ಲುತ್ತಿರಲಿಲ್ಲ, ಅದು ಬೇರೆ ಮಾತು. ಬಿ ಬದಿಯಲ್ಲಿ ಗುಂಯ್ ಸಿಕ್ಕಿತು. ಎ ಬದಿಯಲ್ಲಿ ಸುಳಿವೇ ಇಲ್ಲ. ನಾವಿರುವ ವಡಗಾವಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು, ಹೆಡ್‌ಫೋನ್ ಹಾಕಿದರೂ ಒಳಗೆ ಬರುತ್ತೆ. ಮಗ್ಗ ನಿಂತ ಮೇಲೆ ರಾತ್ರಿ ಕೂತು ಎರಡು ವಾರ ಹುಡುಕಿದೆ.

ಒಂದು ದಿನ ಅವ್ವನಿಗೆ ಕೇಳಿಸಿದೆ. "ಇದು ನನ್ನ ದನಿ ಅಲ್ಲ, ನಿಮ್ಮ ಮೌಶೀದು" ಅಂದಳು. ಗುಂಯ್ ಸದ್ದು ಸಿಗ್ತಿಲ್ಲ ಅಂತ ಹೇಳಿದ್ದಕ್ಕೆ, "ಅವತ್ತ ಕರೆಂಟ್ ಎಲ್ಲಿತ್ತೋ? ಕಂದೀಲ ಹಚ್ಚಿಟ್ಟು ಕೇಳೀವಿ" ಅಂದಳು.

ಸೆಲ್ಲು! ರೆಕಾರ್ಡರ್ ಓಡಿದ್ದು ಸೆಲ್ಲಿನ ಮೇಲೆ. ಸೆಲ್ಲು ಇಳಿದಂತೆ ಮೋಟರು ನಿಧಾನವಾಗಿದೆ. ನಿಧಾನವಾಗಿ ತುಂಬಿಕೊಂಡ ಟೇಪು ಈಗ ಸರಿಯಾದ ವೇಗದಲ್ಲಿ ಹಾಕಿದರೆ ಬೇಗ ಓಡುತ್ತದೆ, ಹೋಗ್ತಾ ಹೋಗ್ತಾ ಇನ್ನೂ ಬೇಗ. ಒಂದೇ ಅಂಕಿ ಹಾಕಿ ಸರಿಮಾಡಲು ಸಾಧ್ಯವೇ ಇರಲಿಲ್ಲ. ತಂಬೂರಿಯ ಷಡ್ಜ, ಅಂದರೆ 'ಸಾ' ಸ್ವರ, ಅಳೆದು ನೋಡಿದೆ, ಹೌದು, ಮೆಲ್ಲಗೆ ಮೇಲೇರುತ್ತಿದೆ. ಆದರೆ ತಂಬೂರಿ ಎಷ್ಟು ಏರಿತು ಅಂತ ಮಾತ್ರ ಹೇಳುತ್ತದೆ, ಎಲ್ಲಿಂದ ಏರಿತು ಅಂತ ಹೇಳಲ್ಲ. ಅವತ್ತು ಕುಮಾರರ ಷಡ್ಜ ಎಲ್ಲಿತ್ತು ಅಂತ ಯಾರನ್ನು ಕೇಳಲಿ?

ಉತ್ತರ ನನ್ನ ತಲೆಯ ಮೇಲೇ ಬಾರಿಸಿತು. ಪಡಸಾಲೆಯ ಗೋಡೆ ಗಡಿಯಾರ, ಅಜ್ಜನ ಕಾಲದ್ದು, ಕೀಲಿ ಕೊಡುವುದು. ಅರ್ಧ ಗಂಟೆಗೆ ಒಂದು ಠಣ್, ತಾಸಿಗೆ ಆಯಾ ಲೆಕ್ಕ. ಎ ಬದಿಯ ಶುರುವಿನಲ್ಲಿ ಒಂದು ಠಣ್ ಇದೆ, ಅದು ಒಂಬತ್ತೂವರೆ. ಕೊನೆಯ ಹತ್ತಿರ ಹತ್ತು. ಇಷ್ಟು ದಿನ ಅದನ್ನು ಅಡ್ಡಿ ಅಂತ ಅಳಿಸುವ ಯೋಚನೆಯಲ್ಲಿದ್ದೆ!

ಗಡಿಯಾರ ಹಿಂದೆಮುಂದೆ ಆಗಬಹುದು, ಒಳಗಿನ ತಂತಿ ಸುರುಳಿಯ ಸ್ವರ ಅಷ್ಟು ಸುಲಭಕ್ಕೆ ಬದಲಾಗಲ್ಲ. ಇವತ್ತು ಅಳೆದರೆ 412 ಹರ್ಟ್ಸ್. ಟೇಪಿನಲ್ಲಿ ಒಂಬತ್ತೂವರೆಗೆ 424, ಹತ್ತಕ್ಕೆ 439. ಅಂದರೆ ಶುರುವಿನಲ್ಲೇ ನೂರಕ್ಕೆ ಮೂರು ಜಾಸ್ತಿ, ಕೊನೆಗೆ ಆರೂವರೆ. ಇನ್ನೊಂದು ತಾಳೆ ನೋಡಿದೆ: ಎರಡು ಠಣ್ಣಿನ ನಡುವೆ ಅರ್ಧ ಗಂಟೆ ಇರಬೇಕು, ಟೇಪಿನಲ್ಲಿ 28 ನಿಮಿಷ 38 ಸೆಕೆಂಡು. ಲೆಕ್ಕ ಕೂಡಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಉಳಿದದ್ದು ಕಂಪ್ಯೂಟರಿನಲ್ಲಿ ಧ್ವನಿ ತಿದ್ದುವ ಅಡಾಸಿಟಿಯ ಕೆಲಸ, ಅದರ ಟೈಮ್ ಟ್ರ್ಯಾಕಿನಲ್ಲಿ ವೇಗವನ್ನು ಜಾಗಜಾಗಕ್ಕೆ ಬದಲಿಸಬಹುದು. ಎರಡು ತುದಿಗೆ ಗಡಿಯಾರ, ನಡುವೆ ಎರಡೆರಡು ನಿಮಿಷಕ್ಕೆ ತಂಬೂರಿ ಅಳೆದು ಒಂದೊಂದು ಚುಕ್ಕೆ. ಸುಮ್ನೆ ಒಂದು ನೇರ ಗೆರೆ ಎಳೆದರೆ ಆಗಲ್ಲ, ಸೆಲ್ಲು ಹಾಗೆ ಇಳಿಯಲ್ಲ. ಇಪ್ಪತ್ತನೇ ನಿಮಿಷದ ನಂತರ ದಪ್ಪನೆ ಬಿದ್ದಿದೆ.

ಈ ನಡುವೆ ಜಮಖಂಡಿಯ ಸೋದರಮಾವನ ಅಟ್ಟದಲ್ಲಿ ಒಂದು ಟ್ರಂಕು ತುಂಬ 78ರ, ಅಂದರೆ ನಿಮಿಷಕ್ಕೆ 78 ಸುತ್ತಿನ ಹಳೇ ಗ್ರಾಮಫೋನ್ ತಟ್ಟೆ ಇವೆ ಅಂತ ಗೊತ್ತಾಗಿದೆ. ಆಮೇಲೆ ಬಂದ ಎಲ್‌ಪಿ ತಟ್ಟೆಯ ಸೂಜಿ ಅದಕ್ಕೆ ನಡೆಯಲ್ಲ, ಗೆರೆಯ ತಳಕ್ಕಿಳಿದು ಬರೀ ಕಸ ಕೆರೆಯುತ್ತೆ. ಮೂರು ಪಟ್ಟು ಅಗಲದ್ದು, 75 ಮೈಕ್ರಾನ್ ಹತ್ತಿರದ ಸೂಜಿ ಬೇಕು. ಮಲ್ಲಿಕಾರ್ಜುನ ಮನ್ಸೂರರದು ಒಂದಾದರೂ ಸಿಗಲಿ ಅಂತ ಆಸೆ. ಸೂಜಿಯನ್ನು ಮಾತ್ರ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಲ್ಲ.

ನಿನ್ನೆ ಮಧ್ಯಾಹ್ನ ಅವ್ವನಿಗೆ ಪೂರ್ತಿ ಎ ಬದಿ ಕೇಳಿಸಿದೆ. ಕುಮಾರರು ನಿಂತಾಗ ಈಗ ನಿಜವಾಗಿ ನಿಲ್ಲುತ್ತಾರೆ, ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಹಾಲಿನ ಮಾತು ಬಂದಾಗ ಅವ್ವ, "ಹಾಂ, ಇದು ನಾನ" ಅಂದಳು. ಅಪ್ಪನ ಮಾತಿಗೆ ಏನೂ ಅನ್ನಲಿಲ್ಲ. ಟೇಪಿನಲ್ಲಿ ಹತ್ತು ಬಾರಿಸಿದಾಗ ತಲೆಯೆತ್ತಿ ಗೋಡೆ ನೋಡಿದಳು. ಅಲ್ಲಿ ನಾಲ್ಕೂ ಇಪ್ಪತ್ತು ಆಗಿತ್ತು. "ಇದಕ್ಕ ಕೀಲಿ ಕೊಟ್ಟೀಯಿಲ್ಲೋ?" ಅಂತ ಕೇಳಿದಳು. ಎದ್ದು ಕೊಟ್ಟೆ.