ನೀರು ಕಡಿಮೆ ಕುಡಿಯಿರಿ ಎಂದಿದ್ದೆ

ಕೊಡಗಿನ ಕಾಫಿ ತೋಟಗಳ ನಡುವಿನ ಆರೋಗ್ಯ ಕೇಂದ್ರವೊಂದರಲ್ಲಿ ಶುಶ್ರೂಷಕಿಯಾಗಿರುವ ನಾನು, ಗರ್ಭಕಂಠದ ಕ್ಯಾನ್ಸರಿಗೆ ಮೈಸೂರಿನಲ್ಲಿ ರೇಡಿಯೋಥೆರಪಿ (ಕಿರಣ ಚಿಕಿತ್ಸೆ), ನಮ್ಮವರ ಮಾತಿನಲ್ಲಿ ‘ಕರೆಂಟ್’, ಪಡೆಯುತ್ತಿದ್ದ, ತೋಟದ ಕಾರ್ಮಿಕರ ಲೈನ್ ಮನೆಯ ಹೆಂಗಸೊಬ್ಬರಿಗೆ ತಪ್ಪು ಸಲಹೆ ಕೊಟ್ಟಿದ್ದೆ. ವಾರಕ್ಕೆ ಐದು ದಿನದಂತೆ 25 ಸಲ ಅವರು ಕುಶಾಲನಗರದಿಂದ ಬೆಳಗಿನ ಬಸ್ಸಿನಲ್ಲಿ ಹೋಗಿಬರಬೇಕಿತ್ತು. ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಬಸ್ ನಿಲ್ಲಿಸಿ ಎನ್ನಲು ಸಂಕೋಚ ಎಂದಾಗ, ಹಾಗಾದರೆ ನೀರು ಕಡಿಮೆ ಮಾಡಿ ಎಂದುಬಿಟ್ಟೆ.

ತುಂಬಿದ ಮೂತ್ರಕೋಶವು ಸಣ್ಣ ಕರುಳನ್ನು ಮೇಲಕ್ಕೆ ತಳ್ಳಿ, ಕಿರಣದ ದಾರಿಯಿಂದ ಆದಷ್ಟು ದೂರ ಇಡುತ್ತದೆ. ಖಾಲಿಯಿದ್ದರೆ ಕರುಳು ಕಿಬ್ಬೊಟ್ಟೆಯೊಳಕ್ಕೆ ಇಳಿದು ಹೆಚ್ಚು ಕಿರಣ ತಿನ್ನುತ್ತದೆ. ಆಸ್ಪತ್ರೆಯಲ್ಲಿ ಅಳತೆಯ ನೀರು ಕುಡಿಸಿ ಕಾಯಿಸುವುದು ಇದಕ್ಕಾಗಿಯೇ. ಆದರೆ ಹಿಂದಿನ ರಾತ್ರಿಯಿಂದ ಒಣಗಿದ ದೇಹಕ್ಕೆ ಅಲ್ಲಿ ನೀರು ಕುಡಿಸಿದರೆ, ಹೇಳಿದ ಹೊತ್ತಿಗೆ ಮೂತ್ರಕೋಶ ತುಂಬುವುದಿಲ್ಲ.

ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುವಂಥವು. ಕಿರಣ ಆ ಹುಟ್ಟನ್ನು ತಡೆಯುವುದರಿಂದ ತೊಂದರೆ ಸಾಮಾನ್ಯವಾಗಿ ಎರಡನೆಯ, ಮೂರನೆಯ ವಾರದಲ್ಲಿ ಕಾಣಿಸುತ್ತದೆ. ಮೂರನೆಯ ವಾರದ ಶನಿವಾರ ಅವರು ಬಂದಾಗ ಭೇದಿ ಇದೆಯೇ ಎಂದು ಕೇಳಿದೆ, ಇಲ್ಲ ಎಂದರು. ಆದರೆ ಸೀರೆ ಸಡಿಲವಾಗಿತ್ತು, ನಾಲಗೆ ಒಣಗಿತ್ತು.

“ಅಕ್ಕಾ, ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋದಿರಿ?”

“ಐದಾರು ಸಲ, ಸಿಸ್ಟರ್. ಅದು ಕರೆಂಟಿನ ಉಷ್ಣ ಅಲ್ಲವಾ?”

ನೀರಿನಂತೆ ಹೋದರೆ ಮಾತ್ರ ಭೇದಿ ಎಂಬುದು ಅವರ ಲೆಕ್ಕ. ನನ್ನ ಪ್ರಶ್ನೆಯೇ ಸರಿಯಿರಲಿಲ್ಲ.

ಅಂದೇ ಅವರ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಭೇದಿ ತಡೆಯುವ ಲೋಪರಮೈಡ್ ಮಾತ್ರೆ ಮತ್ತು ಓಆರ್‌ಎಸ್ ಕೊಟ್ಟೆವು. ದಿನವಿಡೀ ಸ್ವಲ್ಪಸ್ವಲ್ಪವಾಗಿ ನೀರು, ಒಂದು ಬಸ್ ಮೊದಲೇ ಹೊರಡುವುದು, ಮೈಸೂರಿನ ನಿಲ್ದಾಣದಲ್ಲಿ ಇಳಿದೊಡನೆ ಶೌಚಾಲಯ, ಆಮೇಲೆ ಆಸ್ಪತ್ರೆಯ ಅಳತೆ ಎಂದು ದಿನಚರಿ ಬದಲಾಯಿತು. ಐದು ಲೋಟದ ಬೆಲ್ಲದ ಕರಿಕಾಫಿ ಎರಡಕ್ಕೆ ಇಳಿಯಿತು, ಗಾಂಧಾರಿ ಮೆಣಸು ನಿಂತಿತು. (ಕಾಫಿ ಕಡಿಮೆ ಮಾಡಿಸಿದ್ದಕ್ಕೆ ಅವರಿಗೆ ನನ್ನ ಮೇಲೆ ಇಂದಿಗೂ ಮುನಿಸಿದೆ.)

ಸೊಪ್ಪು, ತರಕಾರಿಯನ್ನೂ ಬಿಡಿಸಿ ಬರೀ ಗಂಜಿ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. 2017ರಲ್ಲಿ ಪ್ರಕಟವಾದ ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ ಅಧ್ಯಯನದಲ್ಲಿ ನಾರು ಹೆಚ್ಚು ತಿಂದವರಿಗೇ ಕರುಳಿನ ತೊಂದರೆ ಕಡಿಮೆಯಿತ್ತೆಂದು ಓದಿದ ಮೇಲೆ, ಆಹಾರತಜ್ಞರನ್ನು ಕೇಳದೆ ನಾನು ಏನನ್ನೂ ಬಿಡಿಸುವುದಿಲ್ಲ. ಯಂತ್ರದ ಪಾಲೂ ದೊಡ್ಡದು: ಮುಂಬೈನ ಟಾಟಾ ಮೆಮೋರಿಯಲ್‌ನವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭಕಂಠದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ, ಚಿತ್ರ ನೋಡಿಕೊಂಡು ಕಿರಣದ ತೀವ್ರತೆ ಹೊಂದಿಸುವ ಐಎಂಆರ್‌ಟಿ ಪಡೆದವರಲ್ಲಿ ಮೂರು ವರ್ಷದೊಳಗೆ ಗಮನಾರ್ಹ ಕರುಳಿನ ತೊಂದರೆ ಶೇ. 21ರಷ್ಟಿದ್ದರೆ, ಹಳೆಯ ವಿಧಾನದಲ್ಲಿ ಶೇ. 42ರಷ್ಟಿತ್ತು. ಅದು ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿರುವ ನೋಂದಣಿ ಪುಸ್ತಕದಲ್ಲಿ ಈಗ ಎರಡು ಹೊಸ ಕಾಲಂಗಳಿವೆ: ರಾತ್ರಿ ಎಷ್ಟು ಸಲ, ಬಸ್ ಎಷ್ಟು ಗಂಟೆಗೆ.