ಕಾನೂನು ಬದಲಾದರೂ ಬಾಗಿಲು ತೆಗೆಯೋರು ಯಾರು?

"ಸಾಹೇಬ್ರ, ಅಮೆರಿಕಾದಾಗ ಗಾಂಜಾ ಅಂಗಡ್ಯಾಗ ಮಾರ್ತಾರಂತ. ನನ್ನ ಮಗಾ ಯಾಕ್ರಿ ಒಳಗ ಅದಾನ?"

ಬೆಳಗಾವಿ ಕೋರ್ಟಿನ ಹೊರಗೆ ಒಬ್ಬ ತಾಯಿ ಕೇಳಿದರು. ಮಗ ಹಿಂಡಲಗಾ ಜೈಲಿನಲ್ಲಿದ್ದಾನೆ. ಹತ್ತಿ ಸಾಲಿನ ನಡುವೆ ಗಾಂಜಾ ಬೆಳೆದಿದ್ದ ಅನ್ನೋದು ಕೇಸು. ಪಂಚನಾಮೆ ಓದಿದೆ. ಹಸಿ ಗಿಡಗಳನ್ನು ಬೇರು, ಕಾಂಡ, ಎಲೆ ಸಮೇತ ಕಟ್ಟು ಕಟ್ಟಿ ತೂಗಿದ್ದಾರೆ. ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ಸಾಗಿಸಿದ, ಇಟ್ಟುಕೊಂಡ ಕೇಸಿನಲ್ಲಿ 1 ಕಿಲೋವರೆಗೆ ಹೆಚ್ಚೆಂದರೆ 1 ವರ್ಷ. 20 ಕಿಲೋ ದಾಟಿತೋ, ಕಡಿಮೆ ಅಂದ್ರೂ 10 ವರ್ಷ, ಜಾಮೀನು ಸಿಗೋದೂ ಬಲು ಕಷ್ಟ. ಬೇರಿಗೆ ಅಂಟಿದ ಮಣ್ಣೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ!

ನಮ್ಮಲ್ಲಿ ಕಾನೂನು ಬದಲಾಗಿಲ್ಲ ಅಂತ ಆ ತಾಯಿಗೆ ಹೇಳಿದೆ. ಬದಲಾದ ಕಡೆಯ ಕತೆ ಹೇಳಲು ಬಾಯಿ ಬರಲಿಲ್ಲ.

ಅಮೆರಿಕಾದ ಕೊಲರಾಡೊ ರಾಜ್ಯದಲ್ಲಿ 2014ರ ಜನವರಿ 1ರಿಂದ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ. ಅದೇ ದೇಶದಲ್ಲಿ ಅದನ್ನೇ ಮಾರಿದ್ದಕ್ಕೆ ಇನ್ನೂ ಜೈಲಿನಲ್ಲಿ ಕೊಳೆಯುತ್ತಿರುವವರಿದ್ದಾರೆ. ರಾಜ್ಯ ಬಿಟ್ಟರೂ ಕೇಂದ್ರದ ಕಾನೂನು ಬಿಟ್ಟಿಲ್ಲ. 2022ರ ಅಕ್ಟೋಬರ್‌ನಲ್ಲಿ ಬೈಡನ್ ಕ್ಷಮಾದಾನ ಕೊಟ್ಟರು. ಅದು ಸ್ವಂತಕ್ಕೆ ಇಟ್ಟುಕೊಂಡವರಿಗೆ ಮಾತ್ರ. ಆ ಒಂದೇ ಕಾರಣಕ್ಕೆ ಕೇಂದ್ರದ ಜೈಲಿನಲ್ಲಿ ಆಗ ಯಾರೂ ಇರಲೇ ಇಲ್ಲ. 2024ರಲ್ಲಿ ಮೇರಿಲ್ಯಾಂಡ್ ಗವರ್ನರ್ 1,75,000ಕ್ಕೂ ಜಾಸ್ತಿ ಶಿಕ್ಷೆಗಳನ್ನು ಮನ್ನಾ ಮಾಡಿದರು. ಆಗಲೂ ಜೈಲಿನಿಂದ ಒಬ್ಬರೂ ಹೊರಗೆ ಬರಲಿಲ್ಲ.

ಅವರನ್ನಷ್ಟೇ ಅಂದು ಏನು ಫಲ? 2001ರಲ್ಲಿ ನಮ್ಮ ಕಾಯ್ದೆಯನ್ನೂ ತಿದ್ದಿದರು. ಸಿಕ್ಕ ಮಾಲು ಎಷ್ಟೋ ಅಷ್ಟಕ್ಕೆ ತಕ್ಕ ಶಿಕ್ಷೆ ಅಂತಾಯಿತು. ಒಳ್ಳೆಯದೇ. ಆದರೆ ವಿಚಾರಣೆ ನಡೀತಿದ್ದವರಿಗೆ ಮಾತ್ರ ಅದರ ಲಾಭ. ಶಿಕ್ಷೆಯಾಗಿ ಮೇಲ್ಮನವಿ ಹಾಕಿದ್ದವರಿಗೆ ಹಳೇ ಶಿಕ್ಷೆಯೇ ಗಟ್ಟಿ. 2004ರಲ್ಲಿ ಸುಪ್ರೀಂ ಕೋರ್ಟೂ ಅದು ಸರಿ ಅಂದಿತು. ತೀರ್ಪನ್ನು ಪಾಲಿಸುತ್ತೇನೆ, ಮನಸ್ಸು ಮಾತ್ರ ಒಪ್ಪುವುದಿಲ್ಲ. ಒಂದೇ ತಪ್ಪು, ಇವನ ಕೇಸು ಬೇಗ ಮುಗೀತು ಅನ್ನೋದಕ್ಕೆ ಇವನಿಗೆ ಜಾಸ್ತಿ ಶಿಕ್ಷೆಯೇ?

ಕ್ಯಾಲಿಫೋರ್ನಿಯಾ ಸ್ವಲ್ಪ ವಾಸಿ. ಗಾಂಜಾಕ್ಕೆ ಒಪ್ಪಿಗೆ ಕೊಟ್ಟ 2016ರ ಕಾನೂನಿನಲ್ಲೇ, ಒಳಗಿದ್ದವರು ಶಿಕ್ಷೆ ಇಳಿಸಲು ಅರ್ಜಿ ಹಾಕಬಹುದು ಅಂತ ಬರೆದರು. ಅರ್ಜಿ ಬರೆಸೋಕೆ ವಕೀಲರು ಬೇಕು, ದುಡ್ಡು ಬೇಕು ಅಲ್ವಾ? 2018ರಲ್ಲಿ ಇನ್ನೊಂದು ಕಾನೂನು ತಂದು, ಅಂಥ ಹಳೇ ಕೇಸುಗಳನ್ನು ಹುಡುಕುವ ಕೆಲಸವನ್ನು ಸರ್ಕಾರಕ್ಕೇ ಹೊರಿಸಿದರು.

ನಮ್ಮಲ್ಲಿ ಮುಂದೆ ಯಾವ ಶಿಕ್ಷೆ ಸಡಿಲ ಮಾಡಿದರೂ ಹಳೇ ಕೇಸುಗಳನ್ನು ಸರ್ಕಾರವೇ ಹುಡುಕಬೇಕು ಅನ್ನೋ ಸಾಲು ಕಾನೂನಿನಲ್ಲಿ ಮೊದಲ ದಿನವೇ ಇರಬೇಕು. ಯಾರು ಯಾವ ಸೆಕ್ಷನ್ನಿನಲ್ಲಿ ಒಳಗಿದ್ದಾರೆ ಅನ್ನೋದು ಪ್ರತಿ ಜೈಲಿನ ರಿಜಿಸ್ಟರಿನಲ್ಲೂ ಬರೆದಿರುತ್ತದೆ. ಅದನ್ನು ಸರ್ಕಾರವೇ ತೆಗೆದು ನೋಡಲಿ.